ಶಂಕಗಿರಿಯ ದಾರಿಯಲ್ಲಿ ಒಂದು ಲೆಕ್ಕ

ಸೇಲಂನಿಂದ ಈರೋಡಿನ ಕಡೆಗೆ ಹೋಗುವ ಬಸ್ಸು ಮಗುಡಂಚಾವಡಿಯನ್ನು ದಾಟಿ ಸ್ವಲ್ಪ ದೂರ ಸಾಗಿದರೆ ಶಂಕಗಿರಿ ದುರ್ಗದ ಬಂಡೆ ಕಾಣತೊಡಗುತ್ತದೆ. ಬೆಟ್ಟವು ಶಂಖದ ಆಕಾರದಲ್ಲಿರುವುದರಿಂದ ಈ ಹೆಸರು ಬಂದಿತೆಂದು ಊರಿನವರು ಹೇಳುತ್ತಾರೆ. ಮಗುಡಂಚಾವಡಿಯ ಹೆಸರಿಗೂ ಒಂದು ಕಥೆಯಿದೆ. ಮೆಕ್‌ಡೊನಾಲ್ಡ್ ಎಂಬ ಆಂಗ್ಲನ ಹೆಸರಿನ ಛತ್ರವು ಜನರ ಬಾಯಲ್ಲಿ ಸವೆದು ಹೀಗಾಯಿತು. ಕೆಲಸದ ಮೇಲೆ ಓಡಾಡುವವರು ರಾತ್ರಿ ತಂಗುತ್ತಿದ್ದ ಸ್ಥಳವೇ ಊರಿನ ಹೆಸರಾಗಿ ಉಳಿದಿದೆ. ನಾನೂ ಅಂದು ಕೆಲಸದ ಮೇಲೆಯೇ ಹೊರಟಿದ್ದೆ. ನನ್ನ ಕಕ್ಷಿದಾರರಾದ ಲಾರಿ ಮಾಲೀಕರೊಬ್ಬರನ್ನೂ ಅವರ ಚಾಲಕರನ್ನೂ ಕಂಡು ಮಾತನಾಡಬೇಕಾಗಿತ್ತು.

ಈ ದುರ್ಗ ನಮಗೆ ಪರಕೀಯವಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಇದು ಮೈಸೂರಿನ ಆಳ್ವಿಕೆಯಲ್ಲಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಪ್ರದೇಶಗಳು ಕಂಪನಿಯ ಕೈಸೇರಿದವು. ಅಲೆಕ್ಸಾಂಡರ್ ರೀಡ್ ಇಲ್ಲಿನ ಕಂದಾಯದ ಮೇಲಧಿಕಾರಿಯಾದನು. ಮುಂದೆ ಮದ್ರಾಸಿನ ಗವರ್ನರನಾದ ಥಾಮಸ್ ಮನ್ರೋ ಅವನ ಸಹಾಯಕನಾಗಿದ್ದನು. ಕೊಂಗುನಾಡಿನ ತೆರಿಗೆಯ ಹಣವನ್ನು ಮೈಸೂರಿಗೆ ಒಯ್ಯುತ್ತಿದ್ದವರನ್ನು ತಡೆದು, ಅದನ್ನು ಬಡವರಿಗೆ ಹಂಚಿದ ಧೀರನ್ ಚಿನ್ನಮಲೈಯ ಐತಿಹ್ಯವನ್ನು ಇಲ್ಲಿನ ಮಕ್ಕಳೆಲ್ಲ ಬಲ್ಲರು. ಮುಂದೆ ಕಂಪನಿಯ ವಿರುದ್ಧ ಹೋರಾಡಿದ ಆತನನ್ನು 1805ರ ಜುಲೈ 31ರಂದು ಇದೇ ಶಂಕಗಿರಿಯಲ್ಲಿ ಗಲ್ಲಿಗೇರಿಸಲಾಯಿತು.

ಆ ಕಾಲದಲ್ಲಿ ಹಣ ಹೋಗಬೇಕಾದರೂ ಆಜ್ಞೆ ಹೋಗಬೇಕಾದರೂ ಮನುಷ್ಯನೇ ನಡೆಯಬೇಕಾಗಿತ್ತು, ಇಲ್ಲವೆ ಕುದುರೆ ಏರಬೇಕಾಗಿತ್ತು. ಅನಂತರ 1860ರ ದಶಕದ ಆರಂಭದಲ್ಲಿ ಮದ್ರಾಸ್ ರೈಲ್ವೆಯ ಹಳಿಗಳು ಈ ಬೆಟ್ಟದ ಬಳಿಗೆ ಬಂದವು. ಹಳಿಯ ಜೊತೆಗೆ ತಂತಿಯೂ ಬಂತು. ಮನುಷ್ಯ ಕುಳಿತಲ್ಲಿಯೇ ಇದ್ದು ಮಾತನ್ನು ಮಾತ್ರ ಕಳುಹಿಸಬಹುದೆಂಬುದು ನಮ್ಮವರಿಗೆ ಮೊದಲು ತಿಳಿದದ್ದು ಆಗ.

ಈಗಿನ ಶಂಕಗಿರಿ ಲಾರಿಗಳ ಊರು. ಹೆದ್ದಾರಿಯ ಇಕ್ಕೆಲಗಳಲ್ಲಿ ಬಾಡಿ ಕಟ್ಟುವ ಶೆಡ್ಡುಗಳು, ಟೈರಿನ ಅಂಗಡಿಗಳು, ಬಣ್ಣ ಬಳಿಯುವವರು, ಸರದಿಗಾಗಿ ಕಾದು ನಿಂತ ಲಾರಿಗಳು. ಇಲ್ಲಿನ ಲಾರಿಗಳು ದೇಶದ ಮೂಲೆಮೂಲೆಗೂ ಹೋಗುತ್ತವೆ. ಆದುದರಿಂದ ಇಲ್ಲಿನ ಮಾಲೀಕರ ವ್ಯಾಜ್ಯಗಳೂ ದೇಶದ ಮೂಲೆಮೂಲೆಯಲ್ಲಿರುತ್ತವೆ. ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪಘಾತದಲ್ಲಿ ನೊಂದವರು ಅಪಘಾತ ನಡೆದ ಸ್ಥಳದಲ್ಲಿಯಾಗಲಿ ತಾವು ವಾಸಿಸುವ ಸ್ಥಳದಲ್ಲಿಯಾಗಲಿ ಪರಿಹಾರದ ಅರ್ಜಿ ಸಲ್ಲಿಸಬಹುದು. ಅದು ನ್ಯಾಯವೇ ಸರಿ. ನೊಂದವರು ಲಾರಿಯ ಮಾಲೀಕನನ್ನು ಹುಡುಕಿಕೊಂಡು ಅಲೆಯಬಾರದು. ಆದರೆ ಅದರಿಂದ ಮಾಲೀಕನೂ ಅವನ ವಕೀಲನೂ ಅಲೆಯಬೇಕಾಗುತ್ತದೆ.

ನನ್ನ ಕಕ್ಷಿದಾರರ ಲಾರಿಯ ಅಪಘಾತ ನಡೆದದ್ದು ಕರ್ನಾಟಕದ ಒಂದು ಜಿಲ್ಲೆಯಲ್ಲಿ. ಅರ್ಜಿ, ಪೊಲೀಸರ ಮಹಜರು, ಸಾಕ್ಷಿಗಳ ಹೇಳಿಕೆ ಎಲ್ಲವೂ ಕನ್ನಡದಲ್ಲಿದ್ದವು. ಅವನ್ನು ಓದಬಲ್ಲ ವಕೀಲನೆಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಾವಿಬ್ಬರೂ ಅವರ ಕಾರಿನಲ್ಲಿ ಆ ಊರಿಗೆ ಏಳು ಬಾರಿ ಹೋಗಿ ಬಂದೆವು. ಐದು ಬಾರಿ ನಮಗೆ ಸಿಕ್ಕಿದ್ದು ಮುಂದಿನ ವಾಯಿದೆಯ ದಿನಾಂಕ ಮಾತ್ರ. ಏಳನೆಯ ಸಲ ಹಿಂದಿರುಗುವಾಗ ಮಾಲೀಕರು ತಮ್ಮ ವೃತ್ತಿಗೆ ತಕ್ಕಂತೆ ಲೆಕ್ಕ ಹಾಕಿದರು.

"ವಕೀಲ್ ಸಾರ್, ಹೋಗಿ ಬರಲು ಆರುನೂರು ಕಿಲೋಮೀಟರ್. ಈ ಕಾರು ಲೀಟರಿಗೆ ಹದಿನೈದು ಕೊಡುತ್ತದೆ. ನಲವತ್ತು ಲೀಟರ್ ಡೀಸೆಲ್ ಆಯಿತು. ಅಷ್ಟರಲ್ಲಿ ನನ್ನ ಲಾರಿ ತುಂಬಿದ ಲೋಡನ್ನು ನೂರಅರವತ್ತು ಕಿಲೋಮೀಟರ್ ಒಯ್ಯುತ್ತದೆ. ನಾವು ಒಯ್ದದ್ದೇನು? ಒಂದು ಫೈಲು."

ನಾನು ಆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಲೀಟರಿಗಿಂತ ಹೊಗೆಯೇ ಭಾರವಾಗುವುದು ಹೇಗೆಂದು ಮಕ್ಕಳು ಕೇಳಬಹುದು. ಇಂಧನದಲ್ಲಿರುವ ಇಂಗಾಲವು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ನಲವತ್ತು ಲೀಟರಿಗೆ 107 ಕಿಲೋಗ್ರಾಂ. ಏಳು ಪ್ರಯಾಣಕ್ಕೆ 750 ಕಿಲೋಗ್ರಾಂ. ಒಂದು ಫೈಲು, ಎರಡು ಜನ, ಮುಕ್ಕಾಲು ಟನ್ ಅನಿಲ. 2070ರ ವೇಳೆಗೆ ಭಾರತದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವುದಾಗಿ ನಮ್ಮ ಸರ್ಕಾರ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿತು. ಆ ಶೂನ್ಯದ ಕಡೆಗೆ ಹೋಗುವ ದಾರಿಯಲ್ಲಿ ಇಂತಹ ಫೈಲುಗಳೂ ಇವೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಸಾಕ್ಷಿಯ ಹೇಳಿಕೆಯನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟು ಪ್ರಫುಲ್ ದೇಸಾಯಿ ಪ್ರಕರಣದಲ್ಲಿ 2003ರಲ್ಲಿಯೇ ಹೇಳಿತ್ತು. ಕಂಪನಿಯ ನಿರ್ದೇಶಕರು ಸಭೆಗೆ ಬಾರದೆ ಪರದೆಯ ಮೂಲಕ ಭಾಗವಹಿಸಲು 2013ರ ಕಂಪನಿ ಕಾಯಿದೆಯ 173ನೆಯ ಕಲಮು ಅವಕಾಶ ನೀಡಿದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾದ ದಿನಗಳಲ್ಲಿ, ಎಲ್ಲ ಹಂತದ ನ್ಯಾಯಾಲಯಗಳೂ ದೃಶ್ಯ ಸಂವಾದದ ಮೂಲಕ ನಡೆಯುವುದಕ್ಕೆ ಸುಪ್ರೀಂ ಕೋರ್ಟು ನಿರ್ದೇಶನ ನೀಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೆಯ ಕಲಮು ಕ್ರಿಮಿನಲ್ ವಿಚಾರಣೆಗಳನ್ನೂ ವಿದ್ಯುನ್ಮಾನ ಮಾಧ್ಯಮದಲ್ಲಿ ನಡೆಸಬಹುದೆನ್ನುತ್ತದೆ. ಬಾಗಿಲು ತೆರೆದಿದ್ದರೂ ನಾವು ಹಳೆಯ ಅಭ್ಯಾಸದಂತೆ ಕಾರಿನ ಕೀಲಿಕೈಯನ್ನೇ ಹುಡುಕುತ್ತೇವೆ.

ಎಂಟನೆಯ ವಾಯಿದೆಗೆ ನಾನು ವಿಡಿಯೊ ಮೂಲಕ ಹಾಜರಾಗಲು ಮನವಿ ಸಲ್ಲಿಸಿದೆ. ಅನುಮತಿ ದೊರೆಯಿತು. ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಅಂದು ಸಂಜೆ ನಾಲ್ಕೂವರೆಗೆ ಮಗಳನ್ನು ಶಾಲೆಯಿಂದ ಕರೆತಂದವನು ನಾನೇ.

ಆ ಉತ್ಸಾಹದಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಕಡೆಯ ಮುಖ್ಯ ಸಾಕ್ಷಿ ಆ ಲಾರಿಯ ಚಾಲಕರು. ಅವರೊಡನೆಯೂ ಪರದೆಯ ಮೇಲೆಯೇ ಮಾತನಾಡಿದರಾಯಿತೆಂದುಕೊಂಡೆ. ಅವರು ಮಾಲೀಕರ ಕಚೇರಿಯಲ್ಲಿ, ಮಾಲೀಕರ ಫೋನಿನ ಮುಂದೆ, ಮಾಲೀಕರ ಪಕ್ಕದಲ್ಲಿಯೇ ಕುಳಿತಿದ್ದರು. ಹೊರಗೆ ಬಾಡಿ ಬಡಿಯುವ ಸದ್ದು. ಕಾಗದಪತ್ರಗಳನ್ನು ನಾನು ಮೊದಲೇ ಕಳುಹಿಸಿರಲಿಲ್ಲ. ಕೇಳಿದ ಪ್ರಶ್ನೆಗೆಲ್ಲ ಅವರು "ಹೌದು ಸಾರ್" ಎಂದರು. ಒಮ್ಮೆ ಒಂದು ಪ್ರಶ್ನೆಯನ್ನು ತಿರುಗಿಸಿ ಕೇಳಿದೆ. ಅದಕ್ಕೂ "ಹೌದು ಸಾರ್" ಎಂದರು. ಆಗ ನನಗೆ ಭಯವಾಯಿತು. ಇಂತಹ ಉತ್ತರ ಪಾಟೀ ಸವಾಲಿನಲ್ಲಿ ನಿಲ್ಲುವುದಿಲ್ಲ. ವಿಮೆಯ ಷರತ್ತು ಮುರಿದಿದೆಯೆಂದು ತೀರ್ಮಾನವಾದರೆ ಪರಿಹಾರದ ಹಣವನ್ನು ವಿಮಾ ಕಂಪನಿ ಮಾಲೀಕರಿಂದ ವಸೂಲು ಮಾಡಬಹುದು. ಅವರ ಮನೆಯೇ ಹೋಗಬಹುದು. ಚಾಲಕರ ಮೇಲೆ ಕ್ರಿಮಿನಲ್ ಪ್ರಕರಣವೂ ಇತ್ತು. ಇನ್ನೊಂದು ಕಡೆ, ದುಡಿಯುವ ಮಗನನ್ನು ಕಳೆದುಕೊಂಡ ಒಂದು ಕುಟುಂಬ ಕಾಯುತ್ತಿತ್ತು.

ಅದಕ್ಕಾಗಿಯೇ ನಾನು ಅಂದು ಬಸ್ಸು ಹತ್ತಿದ್ದು. ಸೇಲಂನಿಂದ ಶಂಕಗಿರಿಗೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಮಾಲೀಕರ ಅನುಮತಿ ಪಡೆದು, ಚಾಲಕರೊಬ್ಬರನ್ನೇ ಕರೆದುಕೊಂಡು ದುರ್ಗದ ಕಡೆಗೆ ನಡೆದೆ. ಮೇಲೆ ಚೆನ್ನಕೇಶವನ ಗುಡಿಯಿದೆ. ನಾವು ಅಷ್ಟು ದೂರ ಏರಲಿಲ್ಲ. ಕೆಳಗಿನ ಒಂದು ಕೋಟೆಬಾಗಿಲಿನ ನೆರಳಿನಲ್ಲಿ ಕುಳಿತೆವು. ಮನೆಯಲ್ಲಿ ಕನ್ನಡ, ದಾರಿಯಲ್ಲಿ ಐದಾರು ಭಾಷೆ ಆಡುವ ಮನುಷ್ಯ ಅವರು. ಅರ್ಧ ಗಂಟೆ ಮಳೆ, ಮಕ್ಕಳ ಓದು, ಡೀಸೆಲ್ ಬೆಲೆ ಎಂದು ಮಾತನಾಡಿದೆವು. ಅನಂತರ ಅವರು ಕಣ್ಣು ಬೇರೆ ಕಡೆಗೆ ತಿರುಗಿಸಿ, ಆ ರಾತ್ರಿ ನಡೆದುದನ್ನು ಹೇಳಿದರು. ಅದೇನೆಂದು ಬರೆಯುವ ಹಕ್ಕು ನನಗಿಲ್ಲ. ಅದನ್ನು ಕೇಳಿದ ಮೇಲೆ ಈ ದಾವೆಯನ್ನು ಹೋರಾಡುವುದಕ್ಕಿಂತ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವುದೇ ಸರಿಯೆಂದು ನನಗೆ ಖಚಿತವಾಯಿತು. ಚಾಲಕರ ಒಪ್ಪಿಗೆಯಿಂದಲೇ ಮಾಲೀಕರಿಗೂ ವಿಷಯ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಒಪ್ಪಿದರು.

ಎಲ್ಲವನ್ನೂ ಪರದೆಗೆ ಒಪ್ಪಿಸಲಾಗದೆಂಬುದನ್ನು ಸುಪ್ರೀಂ ಕೋರ್ಟೂ ಗುರುತಿಸಿದೆ. ಶಾಂತಿನಿ ಪ್ರಕರಣದ 2017ರ ಬಹುಮತದ ತೀರ್ಪಿನಲ್ಲಿ, ಕೌಟುಂಬಿಕ ವ್ಯಾಜ್ಯಗಳ ಸಂಧಾನದ ಹಂತದಲ್ಲಿ ವಿಡಿಯೊ ಕಾನ್ಫರೆನ್ಸ್ ಸಲ್ಲದೆಂದು ಅದು ಹೇಳಿತು. ಸಂಧಾನ ವಿಫಲವಾದ ಮೇಲೆ, ಇಬ್ಬರೂ ಒಪ್ಪಿದರೆ, ಅದನ್ನು ಬಳಸಬಹುದು. ಮನಸ್ಸು ತೆರೆಯಬೇಕಾದಲ್ಲಿ ಮನುಷ್ಯ ಹೋಗಬೇಕು, ಕಾಗದ ಮಾತ್ರ ಹೋಗಬೇಕಾದಲ್ಲಿ ಮನುಷ್ಯ ಹೋಗಬೇಕಾಗಿಲ್ಲ. ನಾನು ಇದನ್ನು ತಲೆಕೆಳಗಾಗಿ ಮಾಡಿದ್ದೆ. ವಾಯಿದೆಗಾಗಿ ಏಳು ಬಾರಿ ಆರುನೂರು ಕಿಲೋಮೀಟರ್ ಹೋಗಿದ್ದೆ. ಸತ್ಯಕ್ಕಾಗಿ ನಲವತ್ತು ಕಿಲೋಮೀಟರ್ ಹೋಗಲು ಸೋಮಾರಿಯಾಗಿದ್ದೆ.

ಪರದೆಯ ಸಭೆಯೂ ಸುಮ್ಮನೆ ಫಲಿಸುವುದಿಲ್ಲ. ಕಾಗದಪತ್ರಗಳು ಎರಡು ದಿನ ಮೊದಲೇ ಎಲ್ಲರ ಕೈಸೇರಬೇಕು. ತೀರ್ಮಾನವಾಗಬೇಕಾದುದೇನೆಂಬುದು ಮೊದಲೇ ಗೊತ್ತಿರಬೇಕು. ಸ್ಥಳ ನಿಶ್ಶಬ್ದವಾಗಿರಬೇಕು. ಮಾತನಾಡುವವನ ಪಕ್ಕದಲ್ಲಿ ಅವನಿಗೆ ಹೆದರಿಕೆ ಹುಟ್ಟಿಸುವವರು ಇರಬಾರದು. ನ್ಯಾಯಾಲಯಗಳ ವಿಡಿಯೊ ನಿಯಮಗಳಲ್ಲಿ ಸಾಕ್ಷಿಯ ತುದಿಯಲ್ಲಿಯೂ ಒಬ್ಬ ಸಮನ್ವಯಾಧಿಕಾರಿ ಇರಬೇಕೆಂದು ಹೇಳಿರುವುದು ಇಂತಹ ಕಾರಣಕ್ಕಾಗಿಯೇ. ಸಭೆ ಮುಗಿದ ದಿನವೇ ನಿರ್ಣಯವನ್ನು ಬರೆದು ಎಲ್ಲರಿಗೂ ಕಳುಹಿಸಬೇಕು. ಇಷ್ಟನ್ನೂ ಮಾಡದಿದ್ದರೆ ಸಂಶಯ ನಿವಾರಣೆಗೆಂದು ಮತ್ತೆ ಕಾರು ಹೊರಡುತ್ತದೆ, ಉಳಿಸಿದ ಡೀಸೆಲ್ ಉರಿದುಹೋಗುತ್ತದೆ.

ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮಗೆ ಈ ಲೆಕ್ಕ ದೂರದ್ದಲ್ಲ. ನಮ್ಮ ಶಾಲೆಗಳು ರಾಜ್ಯದ ಅಂಚಿನಲ್ಲಿವೆ, ತಾಳವಾಡಿಯಲ್ಲಿ, ಹೊಸೂರಿನ ಸುತ್ತಮುತ್ತ. ಕಚೇರಿಗಳು ಚೆನ್ನೈಯಲ್ಲಿವೆ. ತಮಿಳುನಾಡಿನ ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಹತ್ತನೆಯ ತರಗತಿಯ ತಮಿಳು ಪತ್ರಿಕೆಯಿಂದ ಒಂದು ವರ್ಷದ ವಿನಾಯಿತಿ ನೀಡಿದ ಆದೇಶ 2023ರ ಫೆಬ್ರವರಿಯಲ್ಲಿ ಹೊರಬಿದ್ದದ್ದು ದೆಹಲಿಯಲ್ಲಿ. ಒಂದು ಮನವಿ ಕೊಡಲು ರಾತ್ರಿಯಿಡೀ ಪ್ರಯಾಣ ಮಾಡಿ, ದಿನಗೂಲಿ ಕಳೆದುಕೊಂಡು ಬರುವ ಪೋಷಕರನ್ನು ನಾನು ಕಂಡಿದ್ದೇನೆ. ಅವರು ಶಾಲೆಯ ಒಂದು ಕೊಠಡಿಯಿಂದಲೇ ಅಧಿಕಾರಿಯೊಡನೆ ಮಾತನಾಡುವಂತಾದರೆ ಉಳಿಯುವುದು ಇಂಧನವಷ್ಟೇ ಅಲ್ಲ. ಆದರೆ ಅಧಿಕಾರಿಯೂ ವರ್ಷಕ್ಕೊಮ್ಮೆ ಶಾಲೆಗೇ ಬಂದು ಕನ್ನಡದ ತರಗತಿಯಲ್ಲಿ ಕುಳಿತು ನೋಡಬೇಕು. ಅದನ್ನು ಯಾವ ಪರದೆಯೂ ತೋರಿಸುವುದಿಲ್ಲ.

ಸಂಜೆ ಬಸ್ಸಿಗಾಗಿ ಹೆದ್ದಾರಿಯ ಬದಿಯಲ್ಲಿ ನಿಂತಾಗ ಮಾಲೀಕರ ಇನ್ನೊಂದು ಲಾರಿ ಲೋಡು ತುಂಬಿ ಉತ್ತರಕ್ಕೆ ಹೊರಟಿತ್ತು. ಅಕ್ಕಿ, ಸಿಮೆಂಟು, ಬಟ್ಟೆ ತಂತಿಯಲ್ಲಿ ಹೋಗಲಾರವು. ಲಾರಿ ಹೋಗಲೇಬೇಕು. ಮಾಲೀಕರು ನನ್ನನ್ನು ಕಾರಿನಲ್ಲಿ ಸೇಲಂಗೆ ಬಿಡುವುದಾಗಿ ಹೇಳಿದರು.

"ಬೇಡಿ ಅಣ್ಣ, ಬಸ್ಸು ಹೇಗೂ ಹೋಗುತ್ತದೆ. ರಾಜಿಯ ಕರಡನ್ನು ನಾಳೆ ಫೋನಿಗೆ ಕಳುಹಿಸುತ್ತೇನೆ. ಓದಿಸಿ ಕೇಳಿ. ಆಮೇಲೆ ಪರದೆಯಲ್ಲಿ ಮಾತನಾಡೋಣ" ಎಂದೆ.

"ಚಾಲಕನನ್ನೂ ಕೂರಿಸಲೇ?" ಎಂದು ಕೇಳಿದರು.

"ಕೂರಿಸಿ. ಈಗ ಅವರು ಮಾತನಾಡುತ್ತಾರೆ" ಎಂದು ಹೇಳಿ ಬಸ್ಸು ಹತ್ತಿದೆ.