ಹಳೇಬೀಡಿನ ಮಬ್ಬಿನಲ್ಲಿ ಕ್ಯಾಮೆರಾ

ಹೊಯ್ಸಳೇಶ್ವರ ದೇವಾಲಯದ ಹೊರಗೋಡೆ ಬಿಸಿಲಿಗೆ ಮೈಯೊಡ್ಡಿ ನಿಂತಿದೆ; ಅದರ ಚಿತ್ರ ಯಾವ ಕ್ಯಾಮೆರಾಕ್ಕಾದರೂ ದಕ್ಕೀತು. ನಿಜವಾದ ಪರೀಕ್ಷೆ ಒಳಗಿನ ನವರಂಗದ ಮಬ್ಬಿನಲ್ಲಿ.

2015ರಲ್ಲಿ ಬಂದ ನಿಕಾನ್ ಡಿ7200 ಹವ್ಯಾಸಿಗಳಿಗೆಂದೇ ಮಾಡಿದ ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್. ಐಎಸ್‌ಒ ಏರಿಸಿದರೆ ಅದರ 24 ಮೆಗಾಪಿಕ್ಸೆಲ್ ಸೆನ್ಸರ್, ಫ್ಲ್ಯಾಶ್ ಇಲ್ಲದೆಯೇ, ತಿರುಗಣೆ ಕಂಬಗಳ ನುಣುಪನ್ನು ಹಿಡಿದುಕೊಡುತ್ತದೆ. ಮಿತಿಮೀರಿ ಏರಿಸಿದರೆ ಮಾತ್ರ ಚಿತ್ರದ ಮೇಲೆ ಮರಳು ಚೆಲ್ಲಿದಂತಾಗುವುದು.

ಮೇಲಿನ ಭುವನೇಶ್ವರಿಯನ್ನು ತೆಗೆಯಹೊರಟರೆ ಇನ್ನೊಂದು ಕೊರತೆ ತಿಳಿಯುತ್ತದೆ: ಹಿಂಬದಿಯ ಪರದೆ ಅಲುಗದು, ಕತ್ತೇ ಬಾಗಬೇಕು. ಮರುವರ್ಷ ಬಂದ ಕ್ಯಾನನ್ 80ಡಿಯ ಪರದೆಯಾದರೋ ಬೇಕಾದತ್ತ ತಿರುಗುತ್ತದೆ. 18–140 ಲೆನ್ಸ್ ಸೇರಿದರೆ ಡಿ7200ರ ತೂಕ ಒಂದು ಕಿಲೋ ಮೀರುವುದು.

ಇಂಥದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ತಾವು ತಿರುಗುವ ಗುಡಿಗಳ ಬೆಳಕನ್ನೂ ತಮ್ಮ ಹೆಗಲ ಬಲವನ್ನೂ ಮೊದಲು ಅಳೆದುಕೊಳ್ಳುವುದು ಲೇಸು.