ಚಂಡೆ ಕೇಳುವ ಕರಾವಳಿ

ಭಟ್ಕಳದಿಂದ ಬಡಗಣ ದಿಕ್ಕಿಗೆ ಹೊರಟವನಿಗೆ ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ಮುರ್ಡೇಶ್ವರ, ಮಂಕಿ, ಗುಣವಂತೆಗಳನ್ನು ಹಾದು ಶರಾವತಿಯ ಸೇತುವೆ ದಾಟಿದರೆ ಹೊನ್ನಾವರ. ಮುಂದೆ ಕರ್ಕಿ, ಹಳದೀಪುರ, ಕುಮಟಾ. ಪ್ರವಾಸಿಗರು ಬಹುಮಟ್ಟಿಗೆ ಮುರ್ಡೇಶ್ವರದ ಶಿವನನ್ನು ಕಂಡು ಹಿಂದಿರುಗುವರು. ಆದರೆ ಈ ನೆಲದ ಸಿರಿ ಕಾಣುವುದು ರಾತ್ರಿಯಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ಚಂಡೆಗೆ ಮೊದಲ ಪೆಟ್ಟು ಬಿದ್ದಾಗ.

ಬಸ್ಸಿನಲ್ಲಿ ನನ್ನ ಪಕ್ಕದ ತರುಣನೊಬ್ಬ ಮೊಬೈಲಿನಲ್ಲಿ ಇಂಗ್ಲೆಂಡಿನ ಹಳೆಯ ರಾಕ್ ತಂಡವೊಂದರ ವಿಡಿಯೋ ನೋಡುತ್ತಿದ್ದ. ತಲೆಗೂದಲು ಕೆದರಿದ ಗಾಯಕ, ಮೈಮರೆತು ಬಡಿಯುವ ಡ್ರಮ್ಮಿನವನು. ಅದು ಮುಗಿದೊಡನೆ ಬೆರಳು ಸರಿಸಿದ; ತೆರೆಯ ಮೇಲೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ! ಹುಡುಗನ ಕಾಲು ಮಾತ್ರ ಎರಡಕ್ಕೂ ಒಂದೇ ಉತ್ಸಾಹದಿಂದ ತಾಳ ಹಾಕುತ್ತಿತ್ತು.

1933ರಲ್ಲಿ ಹೊನ್ನಾವರ ತಾಲ್ಲೂಕಿನ ಹೊಸಾಕುಳಿಯಲ್ಲಿ ಜನಿಸಿದ ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. 2017ರಲ್ಲಿ ಅವರು ತೀರಿಕೊಂಡರು. ಕೀಚಕ, ದುಷ್ಟಬುದ್ಧಿ, ಭಸ್ಮಾಸುರ ಈ ಪಾತ್ರಗಳಲ್ಲಿ ಅವರ ಕುಣಿತದ ಆವೇಶ ಜನಜನಿತವಾದದ್ದು. ಮೋಹಿನಿಗೆ ಮರುಳಾದ ರಕ್ಕಸನ ಕಣ್ಣಿನಲ್ಲಿ ಭಯಂಕರವೂ ನಗೆ ತರಿಸುವುದೂ ಒಟ್ಟಿಗೇ ಮಿನುಗುವುದನ್ನು ವಿಡಿಯೋ ಇಂದಿಗೂ ತೋರಿಸುತ್ತದೆ. ಕಾಲವಾದ ಕಲಾವಿದನ ಹೆಜ್ಜೆ ಹೀಗೆ ಉಳಿದದ್ದು ಸಣ್ಣ ಭಾಗ್ಯವಲ್ಲ.

ಆದರೂ ಒಂದು ಕೊರತೆಯುಂಟು. ಭಾಗವತರ ಪದ, ಮದ್ದಳೆ, ಚಂಡೆ ಇವೆಲ್ಲ ಹಿಂದೆ ಕುಳಿತು ಪಾತ್ರಧಾರಿಯ ಕಾಲನ್ನು ಕಾಯುತ್ತಿರುತ್ತವೆ. ಅವನು ತಡೆದರೆ ಚಂಡೆಯೂ ತಡೆಯುತ್ತದೆ. ಕ್ಯಾಮರಾ ಕಾಲನ್ನು ಹಿಡಿದರೆ ಮುಖ ತಪ್ಪುತ್ತದೆ, ಮುಖ ಹಿಡಿದರೆ ಚಂಡೆಯವನ ಕೈ ತಪ್ಪುತ್ತದೆ. ವಿಡಿಯೋ ನೋಡಿಯೇ ಕಲಿಯಹೊರಟವನಿಗೆ ಹಾರಾಟ ಸಿಕ್ಕೀತು, ಹಾರುವ ಮುನ್ನಿನ ಆ ತಡೆ ಸಿಗುವುದು ಕಷ್ಟ.

ಆ ತಡೆಯನ್ನು ಕಲಿಸುವ ಸ್ಥಳ ದಾರಿಯಲ್ಲೇ ಇದೆ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರ ಮಗ, 2009ರಲ್ಲಿ ಅಗಲಿದ ಶಂಭು ಹೆಗಡೆಯವರು, ಅಲ್ಲಿಯೇ ಶ್ರೀಮಯ ಕಲಾಕೇಂದ್ರ ತೆರೆದು ಹುಡುಗರಿಗೆ ಹೆಜ್ಜೆ ಕಲಿಸಿದರು. ಚಿಟ್ಟಾಣಿಯವರದು ಉಕ್ಕುವ ಹೊಳೆ, ಕೆರೆಮನೆಯವರದು ದಂಡೆಯೊಳಗೆ ಹರಿಯುವ ಹೊಳೆ. ಒಂದೇ ತಾಲ್ಲೂಕಿನಲ್ಲಿ ಎರಡೂ ಹರಿದವು. ನನ್ನ ಒಲವು ಕೆರೆಮನೆಯ ಕಡೆಗೆ, ಆದರೆ ಭಸ್ಮಾಸುರ ಬಂದರೆ ಪಕ್ಷಾಂತರ ಮಾಡುವವನು ನಾನು!

ಇತ್ತೀಚೆಗೆ ಬೆಳಗಿನವರೆಗಿನ ಆಟಗಳು ಕಡಿಮೆಯಾಗಿ, ಕೆಲವೇ ಗಂಟೆಗಳ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿವೆ. ದೀಪಾವಳಿ ಕಳೆದು ಮಳೆಗಾಲ ಹಿಡಿಯುವ ತನಕ ಮೇಳಗಳ ತಿರುಗಾಟ. ಆ ದಿನಗಳಲ್ಲಿ ಈ ಕಡೆ ಬರುವವರು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿಕೊಳ್ಳಿರಿ. ಮಕ್ಕಳಿಗೊಂದು ಹೊದಿಕೆಯನ್ನೂ ತನ್ನಿರಿ, ಗದ್ದೆಯ ಇಬ್ಬನಿ ತಣ್ಣಗಿರುತ್ತದೆ.