ಉತ್ತರ ಬಾರದಿದ್ದಾಗ

ಕಾಗದ ಬರೆದು ಉತ್ತರಕ್ಕಾಗಿ ಕಾಯುವವನ ಸಂಕಟವನ್ನು ಬಲ್ಲವರೇ ಬಲ್ಲರು. ಎಷ್ಟು ದಿನ ಕಾಯಬೇಕು? ಉತ್ತರ ಬಾರದಿದ್ದರೆ ಏನೆಂದು ತಿಳಿಯಬೇಕು? ಈ ಹಳೆಯ ಪ್ರಶ್ನೆಗಳೇ ಬೆಂಗಳೂರಿನ ಕಛೇರಿಯೊಂದರಲ್ಲಿ ಪ್ರೋಗ್ರಾಂ ಬರೆಯುವ ತರುಣನಿಗೂ ಎದುರಾದುವು. ಜನರ ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುವ ಪ್ರೋಗ್ರಾಂ ಅವನದು. ಅದು ಡೇಟಾಬೇಸಿಗೆ ‘ಕ್ವೆರಿ’ ಎಂಬ ಕೋರಿಕೆಯನ್ನು ಕಳುಹಿಸಿ, ಉತ್ತರ ಬರುವವರೆಗೆ ಕೈಕಟ್ಟಿ ನಿಲ್ಲುತ್ತಿತ್ತು.

ಆ ಡೇಟಾಬೇಸು ಪೋಸ್ಟ್‌ಗ್ರೆಸ್. ಯಾರೂ ಬದಲಾಯಿಸದಿದ್ದರೆ, ಕೋರಿಕೆಯೊಂದಕ್ಕೆ ಅದು ಕೊಡುವ ಕಾಲಮಿತಿ ಸೊನ್ನೆ. ಸೊನ್ನೆಯೆಂದರೆ ತಾಳ್ಮೆಯೇ ಇಲ್ಲವೆಂದಲ್ಲ. ತಾಳ್ಮೆಗೆ ಕೊನೆಯೇ ಇಲ್ಲವೆಂದು! ತಿಂಗಳ ಮೊದಲ ದಿನ ಯಾವುದೋ ದೀರ್ಘ ಲೆಕ್ಕವೊಂದು ಹಲವು ಖಾತೆಗಳಿಗೆ ಬೀಗ ಹಾಕಿ ಕುಳಿತಿತು. ಆ ಖಾತೆಗಳ ಕೋರಿಕೆಗಳೆಲ್ಲ ಅದರ ಹಿಂದೆ ಸಾಲುಗಟ್ಟಿದುವು. ಪ್ರೋಗ್ರಾಮಿಗಿದ್ದ ಹತ್ತು ಸಂಪರ್ಕಗಳೂ ಕಾಯುವುದರಲ್ಲಿಯೇ ತೊಡಗಿ, ಬೀಗಕ್ಕೆ ಸಂಬಂಧವಿಲ್ಲದವರಿಗೂ ಬಾಗಿಲು ಮುಚ್ಚಿತು.

ತರುಣನು ಅವಸರದಿಂದ ಪ್ರೋಗ್ರಾಮಿನಲ್ಲಿ ಗಡುವೊಂದನ್ನಿಟ್ಟನು. ಇದಕ್ಕೆ ‘ಟೈಮೌಟ್’ ಎನ್ನುತ್ತಾರೆ. 30 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಸಂಪರ್ಕವನ್ನು ಕಡಿದು, ಮತ್ತೊಮ್ಮೆ ಕೇಳುವುದು. ಸಾಲು ಕರಗಿತು, ಅವನು ನೆಮ್ಮದಿಯಿಂದ ಮನೆಗೆ ಹೋದನು.

ಮರುದಿನ ವೃದ್ಧೆಯೊಬ್ಬರು ಫೋನು ಮಾಡಿದರು: “ಮೊಮ್ಮಗನ ಫೀಸಿಗೆಂದು ಒಂದೇ ಸಲ ಕಳಿಸಿದೆನಪ್ಪ. ಎರಡು ಸಲ ಹೋಗಿದೆ. ಔಷಧಿಗೆ ಇಟ್ಟಿದ್ದೂ ಇಲ್ಲ.”

ತರುಣನ ಎದೆ ಧಸಕ್ಕೆಂದಿತು. ಪ್ರೋಗ್ರಾಂ ಬೆನ್ನು ತಿರುಗಿಸಿ ಹೊರಟರೂ ಡೇಟಾಬೇಸು ತನ್ನ ಕೆಲಸವನ್ನು ಬಿಟ್ಟಿರಲಿಲ್ಲ. ಬೀಗ ತೆರೆದೊಡನೆ ಮೊದಲನೆಯ ಕೋರಿಕೆಯನ್ನೂ ನೆರವೇರಿಸಿತು, ಎರಡನೆಯದನ್ನೂ ನೆರವೇರಿಸಿತು. ಉತ್ತರ ಬರಲಿಲ್ಲವೆಂದರೆ ಕೆಲಸವಾಗಲಿಲ್ಲವೆಂದು ಅವನು ತಿಳಿದದ್ದೇ ತಪ್ಪು.

ಆ ರಾತ್ರಿ ಅವನು ಡೇಟಾಬೇಸಿನಲ್ಲಿಯೇ 25 ಸೆಕೆಂಡಿನ ಗಡುವನ್ನಿಟ್ಟನು. ಅಷ್ಟು ಮೀರಿದರೆ ಅದೇ ಕೋರಿಕೆಯನ್ನು ರದ್ದುಮಾಡಿ, ರದ್ದುಮಾಡಿದೆನೆಂದು ತಿಳಿಸುತ್ತದೆ. ಆದರೆ ಆ ಮಾತೇ ದಾರಿಯಲ್ಲಿ ಕಳೆದುಹೋದರೆ? ಅದಕ್ಕಾಗಿ ಪ್ರತಿಯೊಂದು ಪಾವತಿಗೂ ಬೇರೆ ಬೇರೆ ಗುರುತಿನ ಸಂಖ್ಯೆಯನ್ನು ಕೊಟ್ಟನು. ಒಮ್ಮೆ ದಾಖಲಾದ ಸಂಖ್ಯೆ ಮತ್ತೆ ಬಂದರೆ ಡೇಟಾಬೇಸು ಒಪ್ಪುವುದಿಲ್ಲ. ಇನ್ನು ಎಷ್ಟು ಸಲ ಕೇಳಿದರೂ ಹಣ ಹೋಗುವುದು ಒಂದೇ ಸಲ.

ಹಣ ಹಿಂದಿರುಗಿದ ದಿನ ತರುಣನೇ ಫೋನು ಮಾಡಿ ತಿಳಿಸಿದನು. ವೃದ್ಧೆ ನಕ್ಕು ನುಡಿದರು: “ಒಳ್ಳೆಯದಾಯಿತಪ್ಪ. ನೀನು ಸುಮ್ಮನಿದ್ದಿದ್ದರೆ ನಾಳೆ ನಾನೇ ಇನ್ನೊಮ್ಮೆ ಕೇಳುತ್ತಿದ್ದೆ.”